ಬೆಂಕಿ ಆರಿಸುವವನ ಹೊಗೆಡಬ್ಬಿ

ಫೆಬ್ರವರಿ 22, ಭಾನುವಾರ

ನನ್ನ ಹೆಂಡತಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆ. ಬದುಕಿದ್ದಾಳೆ. ವರದಿ ಮುಗಿಯಿತು.

ಅಗ್ನಿಶಾಮಕ ಠಾಣೆಯಲ್ಲಿದ್ದಷ್ಟು ಕಾಲ ದಿನಾ ವರದಿ ಬರೆದವನು ನಾನು. ಎಲ್ಲಿ ಬೆಂಕಿ, ಹೇಗೆ ಹತ್ತಿತು, ಹೇಗೆ ಆರಿಸಿದೆವು. ನಿವೃತ್ತಿಯಾದ ಮೇಲೆ ಪೆನ್ನು ಮುಟ್ಟಿರಲಿಲ್ಲ. ಈಗ ಬರೀತಿದ್ದೀನಿ, ಯಾಕೆಂದರೆ ಯಾರ ಮೇಲಾದರೂ ಕೂಗಾಡಬೇಕು ಅನ್ನಿಸುತ್ತಿದೆ, ಆದರೆ ಪಕ್ಕದ ಕೋಣೆಯಲ್ಲಿ ಇವಳು ಮಲಗಿದ್ದಾಳೆ.

ಹಿತ್ತಿಲಲ್ಲಿ ಇವಳ ನಾಲ್ಕು ಜೇನುಪೆಟ್ಟಿಗೆ ಇವೆ. ನಾನು ಡ್ಯೂಟಿ ಡ್ಯೂಟಿ ಅಂತ ಓಡಾಡುತ್ತಿದ್ದಾಗ ಇವಳು ಅವನ್ನು ಸಾಕಿಕೊಂಡಳು. ಎಷ್ಟೋ ಸಲ ಕಚ್ಚಿಸಿಕೊಂಡು ಸುಣ್ಣ ಹಚ್ಚಿಕೊಂಡು ಸುಮ್ಮನಾದವಳು. ಈ ಸಲ ಒಂದೇ ಒಂದು ಹುಳ ಕತ್ತಿಗೆ ಹೊಡೆದಿದ್ದಕ್ಕೆ ಮುಖ ಊದಿ ಉಸಿರೇ ಸಿಕ್ಕಿಕೊಂಡಿತು. "ಇನ್ನೊಂದು ಸಲ ಕಚ್ಚಿದ್ರೆ ಏನಾಗುತ್ತೋ ಹೇಳೋಕಾಗಲ್ಲ. ಪೆಟ್ಟಿಗೆ ಹತ್ತಿರ ಹೋಗಲೇಬೇಡಿ," ಅಂದರು ಡಾಕ್ಟರಮ್ಮ. ಅಕಸ್ಮಾತ್ ಕಚ್ಚಿದರೆ ಹೊತ್ತಿಗಾಗಲಿ ಅಂತ ಒಂದು ಇಂಜೆಕ್ಷನ್ನನ್ನೂ ಕೈಗೆ ಕೊಟ್ಟು ಕಳಿಸಿದರು.

ಹಿತ್ತಿಲಿಗೆ ಹೋಗಿ ನಿಂತೆ. ಒಂದು ಕಡ್ಡಿ ಗೀರಿ ನಾಲ್ಕನ್ನೂ ಸುಟ್ಟುಬಿಡಲಾ ಅನ್ನಿಸಿತು. ಜೀವಮಾನ ಎಲ್ಲಾ ಬೆಂಕಿ ಆರಿಸಿದವನಿಗೆ ಬರೋ ಯೋಚನೆಯಾ ಇದು!

ಫೆಬ್ರವರಿ 26

ಭಾಮೈದ ಬಂದಿದ್ದ. ಊರಾಚೆ ಅವನದು ಜೇನಿನದೇ ಕಸುಬು. ಅಕ್ಕನಿಗೆ ಜೇನಿನ ಹುಚ್ಚು ಹಿಡಿಸಿದವನೂ ಅವನೇ, ಹಾಗಾಗಿ ಅವನನ್ನು ಕಂಡರೆ ಮೈ ಉರಿಯಿತು. ಅವನೂ ಪಾಪ, ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದ.

"ಭಾವ, ನಾಲ್ಕೂ ಪೆಟ್ಟಿಗೆ ನಾನೇ ತಗೊಂಡು ಹೋಗ್ತೀನಿ. ಆದ್ರೆ ಈಗ ಹೂವಿನ ಕಾಲ, ನನ್ನ ಪೆಟ್ಟಿಗೆ ನೋಡ್ಕೊಳ್ಳೋಕೇ ಪುರುಸೊತ್ತಿಲ್ಲ. ಮೇ ತಿಂಗಳಲ್ಲಿ ವ್ಯಾನ್ ತರ್ತೀನಿ. ಅಲ್ಲೀತನಕ ಯಾರಾದ್ರೂ ವಾರಕ್ಕೊಂದು ಸಲ ಮುಚ್ಚಳ ತೆಗೆದು ನೋಡ್ಬೇಕು. ಇಲ್ಲಾಂದ್ರೆ ಜಾಗ ಸಾಲದೆ ಅರ್ಧಕ್ಕರ್ಧ ಹುಳ ಹಾರಿಹೋಗ್ತವೆ."

"ಕೊಟ್ಟುಬಿಡಿ," ಅಂದಳು ಇವಳು, ಮಲಗಿದ್ದಲ್ಲಿಂದಲೇ. ಮುಖ ಗೋಡೆ ಕಡೆಗೆ. ಮನೆಗೆ ಬಂದಾಗಿನಿಂದ ಹೀಗೇ ಇದ್ದಾಳೆ. ಊಟ ಅಂದರೆ ಎರಡು ತುತ್ತು. ಹಿತ್ತಿಲ ಕಡೆಯ ಕಿಟಕಿ ತೆಗೆಯೋದಕ್ಕೂ ಬಿಡುತ್ತಿಲ್ಲ.

"ಅಲ್ಲೀತನಕ ನಾನೇ ನೋಡ್ಕೋತೀನಿ," ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

"ಇವರಾ?" ಅಂತ ಇವಳು ಗೋಡೆಯನ್ನು ಕೇಳಿದಳು.

ಯಾಕೆ, ನನಗೇನಾಗಿದೆ? ಹೊಗೆಯಲ್ಲೇ ತಲೆ ಹಣ್ಣಾದವನು ನಾನು.

ಮಾರ್ಚ್ 1, ಭಾನುವಾರ

ಘಟನೆ: ಪೆಟ್ಟಿಗೆ ತೆರೆಯುವ ಪ್ರಯತ್ನ. ಫಲಿತಾಂಶ: ಬರೆಯೋ ಹಾಗಿಲ್ಲ, ಆದರೂ ಬರೀತೀನಿ.

ಮೊದಲು ಹೊಗೆಡಬ್ಬಿ ಹೊತ್ತಿಸಬೇಕು. ಚೊಂಬಿನಷ್ಟು ದಪ್ಪದ ತಗಡಿನ ಡಬ್ಬಿ, ಮೇಲೊಂದು ಮೂಗು, ಹಿಂದೊಂದು ಗಾಳಿ ಊದೋ ತಿದಿ. ಒಳಗೆ ಗೋಣಿಚೂರು ಹಾಕಿ ಹೊತ್ತಿಸಿ ತಿದಿ ಒತ್ತಿದರೆ ಮೂಗಿನಿಂದ ಹೊಗೆ ಬರುತ್ತೆ, ಹೊಗೆ ಕಂಡರೆ ಹುಳ ಮೆತ್ತಗಾಗುತ್ತವೆ. ಇಷ್ಟೇ ವಿದ್ಯೆ. ನನಗೆ ಹೊತ್ತಿಸಲಿಕ್ಕೆ ಬರಲಿಲ್ಲ. ಕಡ್ಡಿ ಮೇಲೆ ಕಡ್ಡಿ ಗೀರಿದೆ, ಎಲ್ಲಾ ಸತ್ತವು. ನನ್ನ ಕೈಯಲ್ಲಿ ಬೆಂಕಿ ಆರಿಯೇ ಅಭ್ಯಾಸ ಅಂತ ಕಾಣುತ್ತೆ.

ಆಮೇಲೆ ಸಿಟ್ಟು ಬಂದು ಹಳೇ ಪೇಪರು ತುರುಕಿ ಗೀರಿದೆ. ಭಗ್ ಅಂತ ಹತ್ತಿತು. ಇವಳ ಮುಖಪರದೆ ಹಾಕಿಕೊಂಡು ಮೊದಲ ಪೆಟ್ಟಿಗೆ ಮುಚ್ಚಳ ತೆಗೆದು ದಬದಬ ಅಂತ ತಿದಿ ಒತ್ತಿದೆ. ಹೊಗೆ ಜತೆ ಕಿಡಿಯೂ ಬಂತು. ಕೆಲವು ಹುಳಗಳ ರೆಕ್ಕೆ ಸುಟ್ಟಿತು. ಮಿಕ್ಕವು ಸುಮ್ಮನಿರುತ್ತವಾ? ಪರದೆಯೊಳಗೆ ನುಗ್ಗಿ ಕಿವಿಗೆ ಎರಡು, ಹುಬ್ಬಿಗೆ ಒಂದು. ಇನ್ನೊಂದು ಎಲ್ಲಿ ಅಂತ ವರದಿಯಲ್ಲಿ ನಮೂದಿಸೋದು ಬೇಡ.

ಓಡಿದೆ. ಓಡುತ್ತಾನೂ ಡಬ್ಬಿಯನ್ನು ಬಕೆಟ್ ನೀರಿಗೆ ಮುಳುಗಿಸಿಯೇ ಹೋದೆ. ಚುಯ್ ಅಂತು. ಕೆಂಡ ಸತ್ತಿತು ಅಂತ ಖಾತ್ರಿಯಾದ ಮೇಲೇ ಕಿವಿ ಉರಿಯೋದು ಗೊತ್ತಾಗಿದ್ದು.

ಮಾರ್ಚ್ 3

ಎಡಗಿವಿ ಊದಿಕೊಂಡಿದೆ. ಕನ್ನಡಕ ಸೊಟ್ಟಗೆ ಕೂರುತ್ತಿದೆ. ನನ್ನನ್ನು ಕಚ್ಚಿದರೆ ಕಿವಿ ಊದುತ್ತೆ, ಇವಳನ್ನು ಕಚ್ಚಿದರೆ ಉಸಿರು ನಿಲ್ಲುತ್ತೆ. ಇದ್ಯಾವ ನ್ಯಾಯ?

ಮಾರ್ಚ್ 8

ಇವತ್ತು ಮತ್ತೆ ಹೊತ್ತಿಸುತ್ತಾ ಕೂತಿದ್ದೆ. ಬೈಯ್ಯುತ್ತಾನೂ ಇದ್ದೆ, ಜೋರಾಗಿಯೇ ಇರಬೇಕು. ಹಿಂದಿನ ಕಿಟಕಿ ತೆಗೆದ ಸದ್ದಾಯಿತು.

"ರೀ, ಮೇಲಿಂದ ಹೊತ್ತಿಸಬಾರದು. ಕೆಳಗೆ ಒಂದು ಹಿಡಿ ಹೊತ್ತಿಸಿ, ಅದು ಹಿಡಿದ ಮೇಲೆ ಮಿಕ್ಕಿದ್ದು ಮೇಲೆ ತುಂಬಿ. ಮೆತ್ತಗೆ ಒತ್ತಿ. ಅದೇನು ಪಂಪಾ?"

ಸೊಳ್ಳೆ ಜಾಲರಿಯ ಹಿಂದೆ ನಿಂತಿದ್ದಳು. ಹೇಳಿದಂತೆ ಮಾಡಿದೆ.

"ಈಗ ಒಂದು ಹಿಡಿ ಹಸಿ ಹುಲ್ಲು ಕಿತ್ತು ಮೇಲಿಡಿ. ಕಿಡಿ ತಡೆಯುತ್ತೆ. ಹೊಗೆಯನ್ನ ಮೊದಲು ನಿಮ್ಮ ಮುಂಗೈಗೆ ಬಿಟ್ಕೊಳ್ಳಿ. ಬಿಸಿ ಅನ್ನಿಸಿದ್ರೆ ಹುಳಕ್ಕೂ ಬಿಸಿ."

ಮುಂಗೈಯಲ್ಲಿ ಶಾಖ ನೋಡೋದನ್ನು ಇವಳು ನನಗೆ ಹೇಳಿಕೊಡಬೇಕಾ! ಬೆಂಕಿ ಬಿದ್ದ ಮನೆಯ ಬಾಗಿಲನ್ನು ತೆರೆಯೋ ಮುಂಚೆ ಮುಂಗೈಯಿಂದ ಮುಟ್ಟಿ ನೋಡು ಅಂತ ಎಷ್ಟು ಹುಡುಗರಿಗೆ ಪಾಠ ಮಾಡಿದ್ದೀನಿ. ಹೊಗೆ ತಣ್ಣಗಿತ್ತು, ಬೆಳ್ಳಗಿತ್ತು. ಹುಳಗಳು ಗುಂಯ್ ಅನ್ನುತ್ತಾ ಒಳಗಿಳಿದವು. ಒಂದೂ ಕಚ್ಚಲಿಲ್ಲ. ಎರಡು ಪೆಟ್ಟಿಗೆ ನೋಡಿದೆ.

ಆದರೆ ಡಬ್ಬಿ ಸರಿಯಿಲ್ಲ. ತಿದಿಯ ಚರ್ಮ ಬಿರುಕು ಬಿಟ್ಟಿದೆ, ಬುಡ ತುಕ್ಕು. ಬಕೆಟ್ಟಿಗೆ ಮುಳುಗಿಸಿ ಎತ್ತಿದರೆ ತಳದಿಂದ ನೀರು ಸೋರುತ್ತೆ. ಇಂಥ ತಗಡು ಮಾಲನ್ನು ಇಟ್ಟುಕೊಂಡು ಇವಳು ಇಷ್ಟು ವರ್ಷ ಹೇಗೆ ಏಗಿದಳೋ.

ಮಾರ್ಚ್ 14

ಡಬ್ಬಿಯ ತಳ ಕಳಚಿ ಕೆಂಡ ನನ್ನ ಚಪ್ಪಲಿ ಮೇಲೆ ಬಿತ್ತು. ಸಾಕು ಅಂತ ಜೇನು ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯಾಕೆ ಮೇಜಿನ ಮೇಲೆ ಸಾಲಾಗಿ ಇಟ್ಟಳು. ತೆಳು ತಗಡಿನದು ಒಂದು, ಉಕ್ಕಿನದು ಎರಡು, ಕೆಂಪು ಬಣ್ಣ ಬಳಿದದ್ದು ಒಂದು. "ಯಾವುದು ಬಾಳಿಕೆ ಬರುತ್ತೆ?" ಅಂತ ಕೇಳಿದೆ. "ಮನೆಯಲ್ಲಿ ಜೇನು ನೋಡೋರನ್ನೇ ಕರ್ಕೊಂಡು ಬನ್ನಿ ಸಾರ್, ಅವರ ಕೈಗೆ ಯಾವುದು ಒಗ್ಗುತ್ತೋ," ಅಂದಳು. ನೋಡೋನು ನಾನೇ ಕಣಮ್ಮ ಅಂದೆ. ಅವಳು ನನ್ನ ಕಿವಿ ನೋಡಿದಳು.

ಕೆಂಪನೇದನ್ನು ತಗೊಂಡೆ. ನಮ್ಮ ಗಾಡಿಯದೇ ಕೆಂಪು. ಕೈಯಲ್ಲಿ ಹಿಡಿದರೆ ಒಂದು ಗತ್ತು.

ಮಾರ್ಚ್ 15, ಭಾನುವಾರ

ಬಿಸಿಯಾಗುತ್ತಲೇ ಕೆಂಪು ಬಣ್ಣ ಗುಳ್ಳೆ ಎದ್ದು ಸುಲಿಯತೊಡಗಿತು. ಅದರ ಗಬ್ಬು ನಾತಕ್ಕೆ ಜೇನುಗಳಿಗಿಂತ ಮೊದಲು ನಾನೇ ಓಡಿದೆ. ಹುಳಗಳು ಹಿಂದೆ ಬಂದವು. ನಾನು ಸ್ನಾನದ ಮನೆ ಸೇರಿಕೊಂಡೆ.

ಹುಳಗಳೆಲ್ಲಾ ವಾಪಸ್ ಹೋದ ಮೇಲೆ ಹೊರಗೆ ಬಂದರೆ ಇವಳು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಾಳೆ. ಹೊಟ್ಟೆ ಹಿಡಿದುಕೊಂಡು. "ಫೈರ್ ಸಾಹೇಬ್ರೇ, ಬಣ್ಣ ನೋಡಿ ತಂದ್ರಾ? ಸೈರನ್ ಇರಲಿಲ್ವಾ ಅದಕ್ಕೆ?"

ಗಂಡ ಹೀಗೆ ಕಚ್ಚಿಸಿಕೊಂಡು ನಿಂತಿದ್ದರೆ ನಗೋದಾ? ಒಳಗೆ ಹೋಗಿ ಕೂತೆ. ಇವಳು ನಗುತ್ತಾನೇ ಬಂದು ತಟ್ಟೆ ಹಾಕಿದಳು. ಅನ್ನವನ್ನು ಎರಡನೇ ಸಲ ಬಡಿಸಿಕೊಂಡಳು, ನನಗೆ ಸಾರು ಕಮ್ಮಿ ಬಿತ್ತು.

ಮಾರ್ಚ್ 22

ಬಣ್ಣ ಎಲ್ಲಾ ಕೆರೆದು ತೆಗೆದ ಮೇಲೆ ಕೆಂಪು ಡಬ್ಬಿ ಕೆಲಸ ಮಾಡುತ್ತಿದೆ. ಈಗ ಅದು ಕೆಂಪೂ ಅಲ್ಲ. ನಾಲ್ಕೂ ಪೆಟ್ಟಿಗೆ ನೋಡಿದೆ. ಮೂರನೆಯದು ಮಹಾ ಸಿಡುಕಿನದು. ನಾಲ್ಕನೆಯದು ಸಾಧು, ಮುಚ್ಚಳ ತೆಗೆದರೂ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿರುತ್ತವೆ. ಎರಡನೆಯದರಲ್ಲಿ ಹೋದ ಸಲ ನೋಡಿದ್ದಕ್ಕಿಂತ ಮೇಣದ ಎರಿ ಜಾಸ್ತಿಯಾಗಿದೆ. ಇದನ್ನೆಲ್ಲಾ ನಾನ್ಯಾಕೆ ಬರೀತಿದ್ದೀನೋ, ಮೇ ಬಂದರೆ ಭಾಮೈದನ ಪಾಲು.

ಮಾರ್ಚ್ 29

ತಿದಿ ಮತ್ತೆ ಹೋಯಿತು! ಹೊಸಾ ಡಬ್ಬಿ! ಚರ್ಮ ಹಪ್ಪಳದ ಹಾಗೆ ಗರಿಗರಿ, ಬೆಸುಗೆ ಪೂರಾ ತುಕ್ಕು. ಅಂಗಡಿಯಾಕೆಗೆ ಎರಡು ಮಾತು ಹೇಳಿಯೇ ಬರಬೇಕು ಅಂತ ಅಂಗಿ ಹಾಕಿಕೊಳ್ಳುವ ಮುಂಚೆ, ಕೆಂಡ ಇತ್ತಲ್ಲ, ಬಕೆಟ್ಟಿಗೆ ಮುಳುಗಿಸಿದೆ. ಇವಳು ಮೆಟ್ಟಿಲ ಮೇಲೆ ಕೂತು ಕಾಳು ಆರಿಸುತ್ತಿದ್ದಳು.

"ರೀ! ಏನ್ ಮಾಡ್ತಿದ್ದೀರಿ?"

"ಆರಿಸ್ತಿದ್ದೀನಿ."

"ಯಾವಾಗ್ಲೂ ಹೀಗೇನಾ?"

"ಮತ್ತೆ? ಕೆಂಡ ಇಟ್ಟುಕೊಂಡು ಒಳಗೆ ಹೋಗಿ ಊಟ ಮಾಡ್ಲಾ? ಎಷ್ಟು ಮನೆ ಹಾಗೆ ಸುಟ್ಟುಹೋಗಿವೆ ಅಂತ ನಿನಗೇನು ಗೊತ್ತು?"

ಮೊರ ಪಕ್ಕಕ್ಕಿಟ್ಟಳು. "ನನ್ನ ಹಳೇ ಡಬ್ಬಿಗೂ ಇದೇ ಸ್ನಾನ ಮಾಡಿಸಿದ್ರಾ?"

ನಾನು ಡಬ್ಬಿಯನ್ನು ಬಕೆಟ್ಟಿನಿಂದ ಎತ್ತಿ ನೀರು ಬಗ್ಗಿಸಿದೆ.

"ಅಯ್ಯೋ ದೇವರೇ! ಒಂದು ದಿನಾನೂ ಕೈ ಕೊಡದ ಡಬ್ಬಿ ರೀ ಅದು. ಮೂಗಿಗೆ ಹಸಿ ಹುಲ್ಲು ತುರುಕಿ ಅಡ್ಡ ಮಲಗಿಸಿದ್ರೆ ಗಾಳಿ ಇಲ್ಲದೆ ತಾನೇ ಆರುತ್ತೆ. ಮದುವೆಯಾದ ಹೊಸದ್ರಲ್ಲಿ ಬಾಣಲೆ ಎಣ್ಣೆ ಹತ್ತಿಕೊಂಡಾಗ, ನೀರು ಹಾಕ್ಬೇಡ, ತಟ್ಟೆ ಮುಚ್ಚು, ಗಾಳಿ ನಿಲ್ಲಿಸಿದ್ರೆ ಬೆಂಕಿ ಸಾಯುತ್ತೆ ಅಂತ ನನಗೆ ಪಾಠ ಮಾಡಿದ್ದು ಯಾರು?"

ನಾನೇ. ಇನ್ಯಾರು.

ಡಬ್ಬಿಗಳನ್ನು ಬೈದುಕೊಂಡು ತಿರುಗಿದೆನಲ್ಲ, ನಾಚಿಕೆಯಾಯಿತು. ಎಲ್ಲಾ ಗೊತ್ತಿದ್ದೂ ಕೈ ಕೇಳಲಿಲ್ಲ. ಕೆಂಡ ಕಂಡರೆ ಈ ಕೈಗೆ ನೀರೇ ಬೇಕು. ಇವಳು ಆಸ್ಪತ್ರೆಯಲ್ಲಿ ಮಲಗಿದ್ದಾಗಿನಿಂದ ಇನ್ನೂ ಜಾಸ್ತಿಯಾಗಿದೆ. ಹೋದ ವಾರ ಒಲೆ ಆರಿಸಿದ್ದೀನಾ ಅಂತ ಅಂಗಡಿ ದಾರಿಯಿಂದ ವಾಪಸ್ ಬಂದು ನೋಡಿದೆ.

ಏಪ್ರಿಲ್ 1

ಸರಿಯಾದ ಹೊಗೆಡಬ್ಬಿ ಸಿಕ್ಕಿತು. ಇವಳೂ ಅಂಗಡಿಗೆ ಬಂದಿದ್ದಳು. "ನಿಮ್ಮನ್ನ ಒಬ್ಬರನ್ನೇ ಕಳಿಸಿದ್ರೆ ಈ ಸಲ ಏಣಿ ಇರೋದು ತರ್ತೀರಿ," ಅಂತ ಸೀರೆ ಬದಲಾಯಿಸಿಕೊಂಡು ಹೊರಟೇಬಿಟ್ಟಳು.

ಇವಳು ಆರಿಸೋ ಪರಿ ನೋಡಬೇಕು. ಮೊದಲು ಹೆಬ್ಬೆರಳಿಂದ ಡಬ್ಬಿಯ ಹೊಟ್ಟೆ ಒತ್ತಿದಳು. ತಗ್ಗು ಬಿದ್ದದ್ದನ್ನು ಪಕ್ಕಕ್ಕೆ ತಳ್ಳಿದಳು. ಒಂದೇ ಕೈಯಲ್ಲಿ ಮುಚ್ಚಳ ತೆಗೆದು ಹಾಕಿ ನೋಡಿದಳು, ಇನ್ನೊಂದು ಕೈಯಲ್ಲಿ ಜೇನಿನ ಎರಿ ಇರುತ್ತಲ್ಲ, ಅದಕ್ಕೆ. ಒಳಗೆ ಇಣುಕಿ, ತಳದಿಂದ ಎತ್ತರಕ್ಕೆ ತೂತಿನ ತಟ್ಟೆ ಇದೆಯಾ ನೋಡಿದಳು. ಅದಿಲ್ಲದಿದ್ದರೆ ಕೆಂಡಕ್ಕೆ ಕೆಳಗಿಂದ ಗಾಳಿ ಸಿಗಲ್ಲವಂತೆ. ಸುತ್ತ ತಂತಿಯ ಜಾಲರಿ ಇರಬೇಕು, ಕೈ ಸುಡದ ಹಾಗೆ. ಪೆಟ್ಟಿಗೆ ಅಂಚಿಗೆ ನೇತುಹಾಕೋ ಕೊಕ್ಕೆ ಬೇಕು. ಬೆಸುಗೆ ಆದರೆ ಶಾಖಕ್ಕೆ ಬಿಟ್ಟುಕೊಳ್ಳುತ್ತೆ, ಅಂಚು ಮಡಿಸಿ ಕೂಡಿಸಿರಬೇಕು. ಕೊನೆಗೆ ತಿದಿಯನ್ನು ಕಿವಿ ಹತ್ತಿರ ಹಿಡಿದು ಒತ್ತಿ, ಗಾಳಿ ಎಲ್ಲಾದರೂ ಸೋರುತ್ತಾ ಅಂತ ಕೇಳಿಸಿಕೊಂಡಳು.

ಉಕ್ಕಿನ ಎರಡರಲ್ಲಿ ದಪ್ಪಗಿರೋದನ್ನು ನಾನು ಎತ್ತಿದೆ. "ಇದೇ ಗಟ್ಟಿ."

"ಗಟ್ಟಿ ಇದೆ, ಆದ್ರೆ ತಿದಿಯನ್ನ ಡಬ್ಬಿಗೆ ಮೊಳೆ ಹೊಡೆದು ಕೂರಿಸಿದಾರೆ. ಹೋದ್ರೆ ಪೂರ್ತಿ ಎಸೀಬೇಕು. ಇದನ್ನ ನೋಡಿ, ತಿರುಪು. ಬಿಚ್ಚಬಹುದು, ಚರ್ಮ ಬದಲಾಯಿಸಬಹುದು. ಹಾಳಾಗದೇ ಇರೋ ವಸ್ತು ಯಾವುದಿದೆ ರೀ? ರಿಪೇರಿಗೆ ಬಗ್ಗೋದೇ ಬಾಳಿಕೆ ಬರೋದು."

ತಿರುಪಿನದೇ ತಂದೆವು. ದಾರಿಯಲ್ಲಿ ಇವಳು ಜ್ಯೂಸ್ ಕುಡಿಯೋಣ ಅಂದಳು, ಕುಡಿದೆವು.

ಏಪ್ರಿಲ್ 12

ನನಗೆ ಇನ್ನೂ ನೆಟ್ಟಗೆ ಹೊತ್ತಿಸಲಿಕ್ಕೆ ಬರಲ್ಲ ಅಂತ ಇವಳೇ ಮೆಟ್ಟಿಲ ಮೇಲೆ ಕೂತು ಹೊತ್ತಿಸಿಕೊಡುತ್ತಾಳೆ. ಇವತ್ತು ಅಂಗಡಿಯಿಂದ ತಂದ ಇನ್ನೊಂದು ಮುಖಪರದೆ ಹಾಕಿಕೊಂಡು, ಇಂಜೆಕ್ಷನ್ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಟ್ಟೆ ಒಣಗಿಸೋ ತಂತಿಯ ತನಕ ಬಂದು ಡಬ್ಬಿ ಕೈಗೆ ಕೊಟ್ಟಳು. ನಾನು ಕೈ ಅಡ್ಡ ಚಾಚಿದೆ. ಬೆಂಕಿ ಬಿದ್ದ ಜಾಗಕ್ಕೆ ಹಗ್ಗ ಕಟ್ಟಿ ಜನರನ್ನು ನಿಲ್ಲಿಸುತ್ತಿದ್ದೆವಲ್ಲ, ಹಾಗೆ ಹೇಳಿದೆ: "ಈ ತಂತಿಯಿಂದ ಆಚೆ ಒಂದು ಹೆಜ್ಜೆ ಇಟ್ರೆ ನೋಡು!"

"ಆಯ್ತು ಸಾಹೇಬ್ರೇ," ಅಂದಳು. ಅಲ್ಲೇ ನಿಂತು ಇಡೀ ಕೆಲಸ ಮಾಡಿಸಿದಳು. ಎರಿಯ ಚೌಕಟ್ಟನ್ನು ಬೆಳಕಿಗೆ ಹಿಡೀರಿ, ಮೊಟ್ಟೆ ಕಾಣ್ತಿದಾವಾ, ಅಕ್ಕಿ ನುಚ್ಚಿನ ಹಾಗಿರುತ್ತೆ. ಕಂಡವು. ಕೂಗಿ ಹೇಳಿದೆ. ಇವಳು ಚಪ್ಪಾಳೆ ತಟ್ಟಿದಳು.

ಠಾಣೆಯಲ್ಲಿ ನಾನು ಹೇಳಿದ್ದೇ ಆಗಬೇಕಿತ್ತು. ಇಲ್ಲಿ ಹೇಳಿಸಿಕೊಂಡು ಕೆಲಸ ಮಾಡುತ್ತಿದ್ದೀನಿ. ಕಷ್ಟವೇನೂ ಆಗಲಿಲ್ಲ.

ಏಪ್ರಿಲ್ 17

ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಇವಳೇ ಬಾಯಿ ಬಿಟ್ಟು ಕೇಳಿದಳು, ಇದಕ್ಕೆ ಏನೂ ದಾರಿಯಿಲ್ಲವಾ ಅಂತ. ಇದೆಯಂತೆ. ಜೇನಿನ ವಿಷವನ್ನೇ ಚೂರುಚೂರಾಗಿ ಚುಚ್ಚಿ ಮೈಗೆ ಅಭ್ಯಾಸ ಮಾಡಿಸೋ ಚಿಕಿತ್ಸೆ. ದೊಡ್ಡಾಸ್ಪತ್ರೆಯಲ್ಲಿ ಮಾತ್ರ. ವರ್ಷಗಟ್ಟಲೆ ಹಿಡಿಯುತ್ತೆ. ಆಮೇಲೂ ಪೆಟ್ಟಿಗೆ ಹತ್ತಿರ ಬಿಡೋದು ಬಿಡದಿರೋದು ಆಗ ನೋಡಿ ಹೇಳಬೇಕು. "ಹೋದ ಸಲಾನೇ ಹೇಳಿದ್ದೆನಲ್ಲಮ್ಮ, ನೀವೇ ಬೇಡ ಅಂದ್ರಿ," ಅಂದರು.

ನನಗೆ ಹೇಳೇ ಇಲ್ಲ! ಬಸ್ಸಿನಲ್ಲಿ ಕೇಳಿದೆ. "ಆಗ ಬೇಡಿತ್ತು," ಅಂದಳು ಅಷ್ಟೇ.

ಏಪ್ರಿಲ್ 30

ಮೂರನೇ ಪೆಟ್ಟಿಗೆ, ಅದೇ ಸಿಡುಕಿನದು, ತೆರೆದಿದ್ದೆ. ಇವಳು ತಂತಿಯ ಹತ್ತಿರ. "ಎರಿಯ ಕೆಳಗಂಚಲ್ಲಿ ಕಡಲೆಕಾಯಿ ಥರ ನೇತಾಡ್ತಿದೆಯಾ ನೋಡಿ, ಅದು ಹೊಸ ರಾಣಿಗೆ ಕಟ್ಟೋ ಮನೆ." ಇತ್ತು. ಅಂದರೆ ಕುಟುಂಬ ಎರಡಾಗಲಿಕ್ಕೆ ಹೊರಟಿದೆ. ಅರ್ಧವನ್ನು ನಾವೇ ಇನ್ನೊಂದು ಪೆಟ್ಟಿಗೆಗೆ ಇಳಿಸದಿದ್ದರೆ ಹಾರಿಹೋಗುತ್ತವೆ.

ಅಷ್ಟರಲ್ಲಿ ಮೋಡ ಮುಚ್ಚಿ ಗಾಳಿ ಎದ್ದಿತು. ಹುಳಗಳ ಸದ್ದು ಬದಲಾಯಿತು. ಚೌಕಟ್ಟು ಕೈಯಲ್ಲಿದೆ, ಪರದೆ ಮೇಲೆಲ್ಲಾ ಬಂದು ಬಡಿಯುತ್ತಿವೆ, ಮುಂಗೈಗೆ ಎರಡು ಹೊಡೆದವು. ಹೊಗೆಡಬ್ಬಿ ನೋಡಿದರೆ ಕೊಕ್ಕೆಯಿಂದ ಜಾರಿ ಹುಲ್ಲಲ್ಲಿ ಅಡ್ಡ ಬಿದ್ದಿದೆ. ಒಂದೆಳೆ ಹೊಗೆಯಿಲ್ಲ. ಆರಿಹೋಯಿತು, ಇನ್ನು ಎಲ್ಲಾ ಬಿಟ್ಟು ಓಡೋದೇ ಸರಿ ಅಂದುಕೊಂಡೆ. ನಾನು ಓಡಿದರೆ ಹುಳಗಳು ಬರೋದು ತಂತಿಯ ಕಡೆಗೆ, ಇವಳ ಕಡೆಗೆ. ಕಾಲು ಅಲ್ಲೇ ನಿಂತಿತು. "ಒಳಗೆ ಹೋಗು! ಬಾಗಿಲು ಹಾಕ್ಕೋ!" ಅಂತ ಕಿರುಚಿದೆ.

ಹೋದಳು. ಕಿಟಕಿಯಿಂದ ಕೂಗಿದಳು: "ಎತ್ತಿ ಒತ್ತಿ ರೀ! ಸತ್ತಿಲ್ಲ ಅದು! ಮೆತ್ತಗೆ ಒತ್ತಿ!"

ಎತ್ತಿ ಒತ್ತಿದೆ. ಒಂದು ಸಲ, ಏನಿಲ್ಲ. ಇನ್ನೊಂದು ಸಲ. ಮೂಗಿನಿಂದ ಸಣ್ಣಗೆ ಬಂತು. ಆಮೇಲೆ ದಟ್ಟವಾಗಿ, ಬೆಳ್ಳಗೆ, ತಣ್ಣಗೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಹೊಗೆಗಲ್ಲ. ಹೊಗೆಗೆ ನನ್ನ ಕಣ್ಣು ಯಾವತ್ತೂ ನೀರು ಹಾಕಿಲ್ಲ. ಹುಳಗಳು ಇಳಿದವು. ನಿಧಾನವಾಗಿ ಚೌಕಟ್ಟು ಕೂರಿಸಿ ಮುಚ್ಚಳ ಹಾಕಿ ಬಂದೆ. ಇವಳು ನನ್ನ ಕೈಯಿಂದ ಮುಳ್ಳು ಕೆರೆದು ತೆಗೆದಳು.

ರಾಣಿಯ ಮನೆಗೆ ಇನ್ನೂ ಬಾಯಿ ಮುಚ್ಚಿಲ್ಲ, ಎರಡು ಮೂರು ದಿನ ತಡೆಯುತ್ತೆ ಅಂದಳು. ನಾಡಿದ್ದು ಭಾಮೈದ ವ್ಯಾನ್ ತರುತ್ತಾನಂತೆ, ಫೋನ್ ಬಂದಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಮೇ 2, ಶನಿವಾರ

ಸಂಜೆ, ಹುಳಗಳೆಲ್ಲಾ ಮನೆ ಸೇರಿದ ಮೇಲೆ ಭಾಮೈದ ಬಂದ. ಹಗ್ಗ ತಂದಿದ್ದ, ಪೆಟ್ಟಿಗೆಗಳ ಬಾಗಿಲಿಗೆ ಹಾಕೋ ಜಾಲರಿ ತಂದಿದ್ದ. ಇವಳು ಎಂದಿನ ಹಾಗೆ ಹೊಗೆಡಬ್ಬಿ ಹೊತ್ತಿಸಿ ತಂತಿಯ ತನಕ ತಂದುಕೊಟ್ಟಳು.

"ಭಾವ, ಆ ಕಡೆ ಹಿಡೀರಿ. ನಾಲ್ಕನೇದನ್ನ ಮೊದಲು ಎತ್ತೋಣ."

ಬಗ್ಗಿ ಪೆಟ್ಟಿಗೆಗೆ ಕೈ ಕೊಟ್ಟೆ. ಅಭ್ಯಾಸ, ಮೊದಲು ಮುಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಒಳಗಿನ ಸದ್ದು ಮೂಳೆಗೆ ತಾಕುತ್ತಿತ್ತು. ನನಗೆ ಎತ್ತಲಾಗಲಿಲ್ಲ.

"ಏನಾಯ್ತು ಭಾವ, ಸೊಂಟ ಹಿಡೀತಾ?"

"ಸೊಂಟಕ್ಕೇನೂ ಆಗಿಲ್ಲ. ಇದು... ಇದು ಮಹಾ ಸಾಧು ಕುಟುಂಬ ಕಣಯ್ಯ. ಹೋದ ಜಾಗದಲ್ಲಿ ಹೊಂದ್ಕೊಳ್ಳುತ್ತೋ ಇಲ್ವೋ."

"ಅಕ್ಕಾನೇ ಕೊಟ್ಟುಬಿಡಿ ಅಂದಿದ್ಳಲ್ಲ?" ಅವನು ತಂತಿಯ ಕಡೆ ತಿರುಗಿದ. "ಏನಕ್ಕಾ?"

ಪರದೆ ಹಿಂದೆ ಇವಳ ಮುಖ ಕಾಣುತ್ತಿರಲಿಲ್ಲ. "ನಾನು ಕೊಡಿ ಅಂದಿದ್ದು ಇವರು ಅವನ್ನ ನೋಡ್ತಿದ್ದ ರೀತಿಗೆ. ಕಣ್ಣಲ್ಲೇ ಸುಟ್ಟುಬಿಡ್ತಾರೇನೋ ಅನ್ನಿಸ್ತಿತ್ತು. ನನ್ನಿಂದ ಆಗಲ್ಲ, ಇವರಿಗೆ ಬೇಡ, ಇನ್ಯಾಕೆ ಆ ಚಿಕಿತ್ಸೆ ಅಂತಾನೂ ಬಿಟ್ಟಿದ್ದೆ." ತಮ್ಮನ ಕಡೆ ತಿರುಗಿದಳು. "ಈಗ ನನ್ನನ್ನ ಯಾಕೋ ಕೇಳ್ತೀಯಾ? ಜೇನು ನನ್ನದಲ್ವಲ್ಲ. ನೋಡ್ಕೊಳ್ಳೋರು ಅವರು. ಅವರನ್ನ ಕೇಳು."

ಭಾಮೈದ ನನ್ನ ಮುಖ ನೋಡಿದ. ನಾನು ಪೆಟ್ಟಿಗೆ ಬಿಟ್ಟು ನೆಟ್ಟಗೆ ನಿಂತೆ.

"ವ್ಯಾನಲ್ಲಿ ಖಾಲಿ ಪೆಟ್ಟಿಗೆ ಇದ್ಯೇನಯ್ಯಾ?"

"ಒಂದಿದೆ. ಯಾಕೆ?"

"ಇಳಿಸು. ಮೂರನೇದು ನಾಳೆ ಎರಡಾಗಬೇಕು."

"ಒಳ್ಳೇ ಕಥೆ ಆಯ್ತು! ನಾಲ್ಕು ತಗೊಂಡು ಹೋಗೋಕೆ ಬಂದೋನು ಒಂದು ಕೊಟ್ಟು ಹೋಗಬೇಕಾ?" ಅಂದ. ಬೈಯ್ಯುತ್ತಲೇ ಇಳಿಸಿದ. ಊಟ ಮಾಡಿಕೊಂಡೇ ಹೋದ.

ಮುಂದಿನ ವಾರ ದೊಡ್ಡಾಸ್ಪತ್ರೆಗೆ ಹೋಗಬೇಕು, ಮೊದಲ ಚುಚ್ಚುಮದ್ದು. "ಹಾಸಿಗೆಯಿಂದ ತಂತೀ ತನಕ ಬಂದಿದ್ದೀನಲ್ಲ, ಮಿಕ್ಕಿದ್ದು ಎಷ್ಟು ದೂರ?" ಅಂತಾಳೆ. ನನಗೆ ಭಯ ಇದ್ದೇ ಇದೆ. ಜತೆಗೆ ಹೋಗುತ್ತೀನಿ.

ಹೊಗೆಡಬ್ಬಿಯನ್ನು ಅಡುಗೆಮನೆ ಹಿಂದಿನ ಕಲ್ಲುಗೋಡೆಯ ಹತ್ತಿರ, ಹಾಸುಗಲ್ಲಿನ ಮೇಲೆ ಅಡ್ಡ ಮಲಗಿಸಿ, ಮೂಗಿಗೆ ಹಸಿ ಹುಲ್ಲು ತುರುಕಿ ಒಳಗೆ ಬಂದೆ.

"ಆರಿತಾ?" ಅಂತ ಕೇಳಿದಳು.

"ಆರುತ್ತೆ ಬಿಡು. ಅರ್ಧ ಸುಟ್ಟ ಗೋಣಿ ಉಳಿದ್ರೆ ನಾಳೆ ಬೇಗ ಹತ್ಕೊಳ್ಳುತ್ತೆ."

ಇವಳು ನನ್ನನ್ನೇ ನೋಡುತ್ತಿದ್ದಳು, ಯಾಕೋ ಗೊತ್ತಿಲ್ಲ. ಇದನ್ನು ಬರೆಯೋ ಹೊತ್ತಿಗೂ ಒಳಗೆ ಕೆಂಡ ಇರಬಹುದು. ಬಕೆಟ್ಟಿನಲ್ಲಿ ಇವಳು ಬಟ್ಟೆ ನೆನೆಹಾಕಿದ್ದಾಳೆ.